ಗೆಲಾಕ್ಸಿ ಫೋಟೋ ತೆಗೆಯೋರ ಪ್ರಶ್ನೆಗಳು

ಪ್ರಶ್ನೆ: ಸಾರ್, ನನ್ಹತ್ರ ಡಿಎಸ್‌ಎಲ್‌ಆರ್, 200 ಎಂಎಂ ಲೆನ್ಸ್, ಟ್ರೈಪಾಡ್ ಇದೆ. ಮನೆ ತಾರಸಿಯಿಂದ ಆಂಡ್ರೊಮಿಡಾ ಗೆಲಾಕ್ಸಿ ಕಡೆ ತಿರುಗಿಸಿ ಹತ್ತು ನಿಮಿಷ ಶಟರ್ ತೆಗೆದಿಟ್ರೆ ಬರೀ ಕಿತ್ತಳೆ ಬಣ್ಣ, ಮಧ್ಯೆ ಗೀರು ಗೀರು. ಎಕ್ಸ್‌ಪೋಶರ್ ಇನ್ನೂ ಜಾಸ್ತಿ ಮಾಡ್ಲಾ?
– ಓದುಗರೊಬ್ಬರು, ತುಮಕೂರು

ಉತ್ತರ: ಅಯ್ಯೋ ಬೇಡ, ಕಮ್ಮಿ ಮಾಡಿ. ಲಾಂಗ್ ಎಕ್ಸ್‌ಪೋಶರ್ ಅಂದ ತಕ್ಷಣ ಒಂದೇ ಫೋಟೋನ ಗಂಟೆಗಟ್ಲೆ ತೆಗೀತಾರೆ ಅಂತ ಸುಮಾರು ಜನ ಅನ್ಕೊಂಡಿದಾರೆ. ಮೂವತ್ತು ಸೆಕೆಂಡಿಂದೋ ಒಂದು ನಿಮಿಷದ್ದೋ ನೂರಾರು ಫ್ರೇಮ್ ತೆಗೆದು ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರಲ್ಲಿ ಸ್ಟ್ಯಾಕ್ ಮಾಡ್ತಾರೆ, ಅಂದ್ರೆ ಒಂದರ ಮೇಲೊಂದು ಕೂಡಿಸಿ ಒಂದೇ ಫೋಟೋ ಮಾಡ್ತಾರೆ, ಎರಡೂ ಫ್ರೀ ಸಾಫ್ಟ್‌ವೇರೇ, ನಡುವೆ ವಿಮಾನನೋ ಸ್ಯಾಟಲೈಟೋ ಹಾದುಹೋದ್ರೂ ಆ ಒಂದು ಫ್ರೇಮಿಗೆ ಮಾತ್ರ ತೊಂದ್ರೆ, ಸ್ಟ್ಯಾಕಿಂಗಲ್ಲಿ ಅದೂ ಅಳಿಸಿಹೋಗತ್ತೆ.

ಗೀರು ಬರೋದು ಭೂಮಿ ತಿರುಗೋದ್ರಿಂದ. ನಿಮ್ಮ ಲೆನ್ಸಲ್ಲಿ ಒಂದೇ ಒಂದು ಸೆಕೆಂಡಿಗೆ ನಕ್ಷತ್ರ ಎರಡ್ಮೂರು ಪಿಕ್ಸೆಲ್ ಜರುಗಿರತ್ತೆ, ಹತ್ತು ನಿಮಿಷ ಅಂದ್ರೆ ನೀವೇ ಲೆಕ್ಕ ಹಾಕಿ. ಹಾಗಾಗಿ ನಕ್ಷತ್ರಗಳ ಜೊತೆಗೇ ಕ್ಯಾಮೆರಾನ ನಿಧಾನಕ್ಕೆ ತಿರುಗಿಸೋ ಟ್ರ್ಯಾಕರ್ ಬೇಕೇ ಬೇಕು.

ಇನ್ನು ಆ ಕಿತ್ತಳೆ ಬಣ್ಣ, ಅದು ಊರಿನ ಬೆಳಕು. ಒಟ್ಟು ಎಕ್ಸ್‌ಪೋಶರ್ ನಾಲ್ಕು ಪಟ್ಟು ಮಾಡಿದ್ರೆ ನಾಯ್ಸ್, ಅಂದ್ರೆ ಫೋಟೋದಲ್ಲಿ ಕಾಣೋ ಕಾಳುಕಾಳು, ಗೆಲಾಕ್ಸಿ ಬೆಳಕಿಗೆ ಹೋಲಿಸಿದ್ರೆ ಅರ್ಧ ಆಗತ್ತೆ ಅಷ್ಟೇ, ಅದಕ್ಕೇ ತಾರಸಿಯಿಂದ ಮಂಕು ಗೆಲಾಕ್ಸಿ ಹಿಡಿಯೋರು ರಾತ್ರಿ ಮೇಲೆ ರಾತ್ರಿ ಕೂಡಿಸ್ತಾ ಹೋಗ್ಬೇಕು. ಊರಿನ ಆಕಾಶ ಕತ್ತಲೆ ಜಾಗದ್ದಕ್ಕಿಂತ 3.5 ಮ್ಯಾಗ್ನಿಟ್ಯೂಡ್ (ಆಕಾಶದ ಬೆಳಕಿನ ಅಳತೆ) ಜಾಸ್ತಿ ಬೆಳಗ್ತಿದ್ರೆ ಅದು 25 ಪಟ್ಟು ಬೆಳಕು, ಅಂದ್ರೆ ಕಾಡಂಚಲ್ಲಿ ಒಂದು ಗಂಟೆಗೆ ಸಿಗೋದಕ್ಕೆ ಮನೇಲಿ 25 ಗಂಟೆ ಬೇಕು. ದುಡ್ಡು ಹಾಕೋದಾದ್ರೆ ಮೊದ್ಲು ಟ್ರ್ಯಾಕರಿಗೆ, ಆಮೇಲೆ ಪೆಟ್ರೋಲಿಗೆ. ಹೊಸ ಲೆನ್ಸ್ ಆಸೆ ಸದ್ಯಕ್ಕೆ ಬಿಟ್ಬಿಡಿ.

ಪ್ರಶ್ನೆ: ಫೋಟೋದಲ್ಲಿರೋ ನೀಲಿ, ಗುಲಾಬಿ ಎಲ್ಲ ನಿಜಾನಾ? ಟೆಲಿಸ್ಕೋಪಲ್ಲಿ ನೋಡಿದ್ರೆ ಬೂದು ಮಸುಕು ಅಷ್ಟೇ ಕಾಣ್ಸೋದು.
– ಓದುಗಿ, ಧಾರವಾಡ

ಉತ್ತರ: ನಿಜಾನೇ. ಮಂದ ಬೆಳಕಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸಲ್ಲ. ಸುರುಳಿ ತೋಳಿನ ನೀಲಿ ಅಂದ್ರೆ ಬಿಸಿ ಎಳೆ ನಕ್ಷತ್ರಗಳು, ನಡುವಿನ ಹಳದಿ ಹಳೇವು, ಗುಲಾಬಿ ಚುಕ್ಕೆ ಹೈಡ್ರೋಜನ್ ಅನಿಲ. ಆದ್ರೆ ಕೆಲವರು ಸ್ಯಾಚುರೇಶನ್ ಎಳೆದು ಎಳೆದು ಮದುವೆ ಮನೆ ಲೈಟಿಂಗ್ ಥರ ಮಾಡ್ತಾರಲ್ಲ, ಅದು ಅವರ ಬಣ್ಣ.

ಪ್ರಶ್ನೆ: ಟ್ರ್ಯಾಕರ್ ತಗೊಂಡಿದೀನಿ. ಆಂಡ್ರೊಮಿಡಾ ಆಯ್ತು, ಮುಂದೆ ಯಾವ್ದು ಹಿಡೀಲಿ? ಲೈಟ್ ಪೊಲ್ಯೂಶನ್ ಫಿಲ್ಟರ್ ತಗೊಳ್ಳಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕಣ್ಮುಚ್ಚಿ ಸಿಂಹ ರಾಶಿಯ ಲಿಯೋ ಟ್ರಿಪ್ಲೆಟ್ಟಿಗೆ ಹೋಗಿ, ಮೂರು ಗೆಲಾಕ್ಸಿಗಳ ಗುಂಪು ಅದು. ಅದರ ಡೆಕ್ಲಿನೇಶನ್ (ಆಕಾಶದಲ್ಲಿನ ಅಕ್ಷಾಂಶ) 13 ಡಿಗ್ರಿ, ಬೆಂಗಳೂರಿನ ಅಕ್ಷಾಂಶನೂ 13, ಹಾಗಾಗಿ ಮಾರ್ಚ್ ನಡುಭಾಗದಲ್ಲಿ ಮಧ್ಯರಾತ್ರಿ ಹೊತ್ತಿಗೆ ಮೂರೂ ಗೆಲಾಕ್ಸಿ ನೆತ್ತಿ ಮೇಲೇ ಇರತ್ತೆ, ಗಾಳಿಯ ಪದರ ಅಲ್ಲೇ ತೆಳು, ಮಳೆಗಾಲದ ಮೋಡದ ಕಾಟನೂ ಆಗ ಇರಲ್ಲ, ಯೂರೋಪಿನೋರಿಗೆ ಈ ಭಾಗ್ಯ ಇಲ್ಲ ಬಿಡಿ. ಅದರಲ್ಲಿ ಎಂ65, ಎಂ66 ಅನ್ನೋ ಎರಡನ್ನ ಫ್ರೆಂಚ್ ಖಗೋಳಜ್ಞ ಮೆಸಿಯೆ 1780ರಲ್ಲೇ ದಾಖಲಿಸಿದ್ದು, ಪಕ್ಕದ ಎನ್‌ಜಿಸಿ 3628 ಮಾತ್ರ ಅವನ ಕಣ್ತಪ್ಪಿ 1784ರಲ್ಲಿ ವಿಲಿಯಂ ಹರ್ಶೆಲ್‌ಗೆ ಸಿಕ್ತು, ಅಷ್ಟು ಮಂಕು. ಅದಕ್ಕೆ ಸುಮಾರು 3 ಲಕ್ಷ ಜ್ಯೋತಿರ್ವರ್ಷದ ಒಂದು ಬಾಲ ಬೇರೆ ಇದೆ, ಪಕ್ಕದ ಗೆಲಾಕ್ಸಿಯ ಸೆಳೆತಕ್ಕೆ ಕಿತ್ತುಬಂದ ನಕ್ಷತ್ರಗಳು, ಆದ್ರೆ ತಾರಸಿಯಿಂದ ಅದನ್ನ ನಿರೀಕ್ಷೆ ಮಾಡ್ಬೇಡಿ.

ನಮ್ಮ ಕಡೆ ಒಂದೇ ತಲೆನೋವು ಪೋಲಾರ್ ಅಲೈನ್‌ಮೆಂಟು, ಅಂದ್ರೆ ಟ್ರ್ಯಾಕರಿನ ಅಕ್ಷನ ಧ್ರುವದ ಕಡೆ ಸರಿಯಾಗಿ ತಿರುಗಿಸಿಡೋದು. ಧ್ರುವ ನಕ್ಷತ್ರ ಇಲ್ಲಿ ಬರೀ 13 ಡಿಗ್ರಿ ಎತ್ತರ, ತೆಂಗಿನ ಮರನೋ ಎದುರುಮನೆ ನೀರಿನ ಟ್ಯಾಂಕೋ ಸಾಕು ಮುಚ್ಚೋಕೆ. ಉತ್ತರ ದಿಕ್ಕು ತೆರೆದಿರೋ ಜಾಗ ಮೊದ್ಲೇ ಹಗಲಲ್ಲಿ ನೋಡಿಟ್ಕೊಳ್ಳಿ.

ಫಿಲ್ಟರ್ ಬೇಡ. ಗೆಲಾಕ್ಸಿ ಬೆಳಕು ಅಂದ್ರೆ ಹೆಚ್ಚಾಗಿ ನಕ್ಷತ್ರಗಳ ಬೆಳಕು, ಎಲ್ಲ ಬಣ್ಣನೂ ಇರತ್ತೆ, ಎಲ್‌ಇಡಿ ಬೀದಿದೀಪನೂ ಹಾಗೇ, ಒಂದನ್ನ ತಡೆದ್ರೆ ಇನ್ನೊಂದೂ ಕಮ್ಮಿ ಆಗತ್ತೆ. ಫಿಲ್ಟರ್ ಕೆಲ್ಸಕ್ಕೆ ಬರೋದು ಅನಿಲ ಹಿಡಿಯೋಕೆ. ಡ್ರೆಕ್ಸ್‌ಲರ್, ಸ್ಟ್ರಾಟ್ನರ್, ಸೇಂಟಿ ಅನ್ನೋ ಹವ್ಯಾಸಿಗಳು ಆಕ್ಸಿಜನ್ ಫಿಲ್ಟರ್ ಹಾಕಿ ಆಂಡ್ರೊಮಿಡಾ ಪಕ್ಕದಲ್ಲೇ ದೊಡ್ಡ ನೀಲಿ ಕಮಾನು ಪತ್ತೆ ಮಾಡಿದ್ರು, 2023ರಲ್ಲಿ ಅದು ಪೇಪರಾಗೇ ಪ್ರಕಟ ಆಯ್ತು. ಅಷ್ಟು ವರ್ಷ ಅಷ್ಟೊಂದು ಜನ ಫೋಟೋ ತೆಗೆದ ಜಾಗ ಅದು!