ಎಕರೆ ಎಂಬುದು ಮೊದಲು ಅಳತೆಯೇ ಆಗಿರಲಿಲ್ಲ

ಪ್ರಶ್ನೆ: ನಮ್ಮ ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ 2-10 ಎಂದಿದೆ. ‘ಎಕರೆ’ ಕನ್ನಡದ ಪದವೇ? ಒಂದು ಎಕರೆಗೆ 43,560 ಚದರ ಅಡಿ ಎಂಬ ವಿಚಿತ್ರ ಲೆಕ್ಕ ಎಲ್ಲಿಂದ ಬಂತು?

ಉತ್ತರ: ಎಕರೆ ಇಂಗ್ಲಿಷಿನಿಂದ ಬಂದ ಪದ. ಹಳೆಯ ಇಂಗ್ಲಿಷಿನಲ್ಲಿ ‘ಆಕೆರ್’ ಎಂದರೆ ಉತ್ತ ಹೊಲ ಎಂದಷ್ಟೇ ಅರ್ಥವಿತ್ತು. ಅದರ ಜರ್ಮನ್ ದಾಯಾದಿಯಾದ ‘ಆಕರ್’ ಇಂದಿಗೂ ಹೊಲವೆಂಬ ಅರ್ಥದಲ್ಲೇ ಬಳಕೆಯಲ್ಲಿದೆ. ಲ್ಯಾಟಿನ್ನಿನ ‘ಆಗೆರ್’, ಗ್ರೀಕಿನ ‘ಆಗ್ರೋಸ್’ ಮತ್ತು ಋಗ್ವೇದದಲ್ಲಿ ಬಯಲು ಎಂಬರ್ಥದಲ್ಲಿ ಬರುವ ‘ಅಜ್ರ’ ಇದೇ ಬಳಗದವು. ಇವೆಲ್ಲಕ್ಕೂ ‘ಅಟ್ಟು, ಹೊಡೆದುಕೊಂಡು ಹೋಗು’ ಎಂಬರ್ಥದ ಧಾತುವೇ ಮೂಲವೆಂದೂ, ದನ ಅಟ್ಟುವ ಬಯಲೇ ಮುಂದೆ ಉಳುವ ಹೊಲವಾಯಿತೆಂದೂ ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಭಾವಿಸುತ್ತಾರೆ.

ಹೊಲವೆಂಬ ಪದ ಅಳತೆಯಾದದ್ದು ನೇಗಿಲಿನಿಂದ. ಎತ್ತು ಕಟ್ಟಿದ ಒಂದು ನೇಗಿಲು ಒಂದು ದಿನದಲ್ಲಿ ಉಳಬಹುದಾದಷ್ಟು ನೆಲವನ್ನು ಮಧ್ಯಯುಗದ ಇಂಗ್ಲೆಂಡಿನಲ್ಲಿ ಎಕರೆ ಎನ್ನುತ್ತಿದ್ದರು. ಹಲವು ಜೋಡಿ ಎತ್ತುಗಳ ಭಾರವಾದ ನೇಗಿಲನ್ನು ಪದೇ ಪದೇ ತಿರುಗಿಸುವುದು ಪ್ರಯಾಸದ ಕೆಲಸವಾದ್ದರಿಂದ ಉದ್ದನೆಯ, ಕಿರಿದಾದ ಪಟ್ಟಿಗಳಲ್ಲಿ ಉಳುತ್ತಿದ್ದರು. ಅಂಥ ಒಂದು ಸಾಲಿನ ಉದ್ದವೇ ಫರ್ಲಾಂಗು, ಅಂದರೆ 660 ಅಡಿ. ಪಟ್ಟಿಯ ಅಗಲ 66 ಅಡಿ. ಇವೆರಡನ್ನು ಗುಣಿಸಿದರೆ ನೀವು ಕೇಳಿದ 43,560 ಬರುತ್ತದೆ. ಒಂದನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ, 1300ರ ಆಸುಪಾಸಿನಲ್ಲಿ, ಈ ವಿಸ್ತೀರ್ಣ ಶಾಸನಬದ್ಧವಾಯಿತು. 1620ರ ಸುಮಾರಿಗೆ ಎಡ್ಮಂಡ್ ಗಂಟರ್ 66 ಅಡಿಯ, ನೂರು ಕೊಂಡಿಗಳ ಮೋಜಣಿ ಸರಪಳಿಯನ್ನು ರೂಪಿಸಿದ ಮೇಲೆ ಹತ್ತು ಚದರ ಸರಪಳಿ ಒಂದು ಎಕರೆಗೆ ಸರಿಹೊಂದಿತು.

ನಮ್ಮಲ್ಲಿ ಗದ್ದೆಯನ್ನು ಬೀಜದ ಲೆಕ್ಕದಲ್ಲಿ ಅಳೆಯುವ ರೂಢಿಯಿತ್ತು. ಖಂಡುಗದ ಗದ್ದೆ ಎಂದರೆ ಖಂಡುಗ ಬೀಜ ಹಿಡಿಯುವ ಗದ್ದೆ. ಮಣ್ಣು, ನೀರು ಬದಲಾದರೆ ವಿಸ್ತೀರ್ಣವೂ ಬದಲಾಗುತ್ತಿತ್ತು. ಬೇಸಾಯಗಾರನಿಗೆ ಅದು ಜಾಣ ಅಳತೆಯೇ, ಆದರೆ ಎಲ್ಲೆಡೆ ಒಂದೇ ಅಳತೆಯ ಮೇಲೆ ಕಂದಾಯ ವಿಧಿಸಲು ಹೊರಟವರಿಗೆ ಒಗ್ಗುವಂಥದ್ದಲ್ಲ. ಬ್ರಿಟಿಷರ ಕಾಲದ ಮೋಜಣಿಯೊಂದಿಗೆ ಎಕರೆ ನಮ್ಮ ದಾಖಲೆಗಳಲ್ಲಿ ನೆಲೆಯೂರಿತು. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1,089 ಚದರ ಅಡಿ. ಅಂಥ ನಲವತ್ತು ಗುಂಟೆ ಸೇರಿದರೆ ಒಂದು ಎಕರೆ.

ನಿಮ್ಮ ಪಹಣಿಯ 2-10 ಎಂಬುದನ್ನು ದಶಮಾಂಶವಾಗಿ ಓದಬಾರದು. ಮಾರಾಟದ ಮಾತುಕತೆಯಲ್ಲಿ ಈ ಗೊಂದಲ ದುಬಾರಿಯಾದೀತು. ಅದು 2 ಎಕರೆ 10 ಗುಂಟೆ, ಅಂದರೆ ಎರಡೂಕಾಲು ಎಕರೆ, ಒಟ್ಟು 98,010 ಚದರ ಅಡಿ.