ವಾದ ಮುಗಿದರೂ ತೀರ್ಪಿಲ್ಲ

ಪ್ರಶ್ನೆ: ಮೇಡಂ, ಪತಿ ಹಾಕಿದ ವಿಚ್ಛೇದನದ ಕೇಸಿನಲ್ಲಿ ಎರಡೂ ಕಡೆಯ ವಾದ ಮುಗಿದು ನಾಲ್ಕು ತಿಂಗಳಾಯಿತು. ಪ್ರತಿ ವಾಯಿದೆಗೂ ‘ತೀರ್ಪು ಸಿದ್ಧವಿಲ್ಲ’ ಎನ್ನುತ್ತಾರೆ. ನನಗೂ ಮಗಳ ಓದಿಗೂ ಹಾಕಿದ ಮಧ್ಯಂತರ ಜೀವನಾಂಶದ ಅರ್ಜಿಯನ್ನು ‘ಮುಖ್ಯ ಕೇಸಿನ ಜೊತೆಗೇ ನೋಡೋಣ’ ಎಂದು ಇಟ್ಟುಬಿಟ್ಟಿದ್ದಾರೆ. ಇದಕ್ಕೆಲ್ಲ ಗಡುವು ಇಲ್ಲವೇ? ಕೇಳಿದರೆ ನ್ಯಾಯಾಧೀಶರಿಗೆ ಕೋಪ ಬಂದೀತೇ?
– ಹೆಸರು ಬೇಡ, ಬೆಳಗಾವಿ ಜಿಲ್ಲೆ

ಉತ್ತರ: ಗಡುವು ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶದ ಪ್ರಕಾರ ವಿಚಾರಣೆ ಮುಗಿದ 30 ದಿನಗಳೊಳಗೆ ತೀರ್ಪು ಹೇಳಬೇಕು. ಅಸಾಧಾರಣ ಕಾರಣವಿದ್ದರೂ ಸಾಮಾನ್ಯವಾಗಿ 60 ದಿನ ದಾಟಬಾರದು. ಕೌಟುಂಬಿಕ ನ್ಯಾಯಾಲಯಕ್ಕೂ ಇದೇ ನಿಯಮ. ಆದರೆ ಗಡುವು ಮೀರಿತೆಂದು ಆಮೇಲೆ ಬಂದ ತೀರ್ಪು ಬಿದ್ದುಹೋಗುವುದಿಲ್ಲ. ಹಿಂದೂ ವಿವಾಹ ಕಾಯ್ದೆ ಇಡೀ ವಿಚಾರಣೆಯನ್ನೇ ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ. ಅದನ್ನು ಓದಿದರೆ ನಮ್ಮ ವಕೀಲರ ಬಳಗದಲ್ಲಿ ನಗುತ್ತಾರೆ.

ನನಗೆ ಸಿಟ್ಟು ತರಿಸಿದ್ದು ಜೀವನಾಂಶದ ವಿಷಯ. ಅದೇ ಕಾಯ್ದೆಯ 24 ಮತ್ತು 26ನೇ ಸೆಕ್ಷನ್‌ಗಳಲ್ಲಿ, ಎದುರು ಪಕ್ಷಕ್ಕೆ ನೋಟಿಸ್ ತಲುಪಿದ 60 ದಿನಗಳಲ್ಲಿ, ಸಾಧ್ಯವಾದ ಮಟ್ಟಿಗೆ, ಇಂಥ ಅರ್ಜಿ ಇತ್ಯರ್ಥವಾಗಬೇಕು ಎಂದಿದೆ. ಕೇಸು ನಡೆಯುವಾಗ ಹೊಟ್ಟೆಗೆ ಇರಲಿ ಎಂದು ಕೊಟ್ಟ ಸೌಲಭ್ಯವನ್ನು ಕೇಸಿನ ಜೊತೆಗೇ ಕಟ್ಟಿಟ್ಟರೆ ‘ಮಧ್ಯಂತರ’ ಎಲ್ಲಿ ಉಳಿಯಿತು? ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು ಎಂದು 2020ರ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಬಿಟ್ಟುಕೊಡಬೇಡಿ. ಇಬ್ಬರ ಆಸ್ತಿ–ಸಾಲದ ಪ್ರಮಾಣಪತ್ರಗಳು ಕಡತದಲ್ಲಿವೆಯೇ ಎಂದೂ ನೋಡಿಸಿ. ಅದೇ ತೀರ್ಪು ಅದನ್ನು ಕಡ್ಡಾಯ ಮಾಡಿದೆ.

ಮುಂದಿನ ವಾಯಿದೆಗೆ ನ್ಯಾಯಾಲಯಕ್ಕೆ ಒಂದು ಪುಟದ ಮೆಮೊ (ಚಿಕ್ಕ ಲಿಖಿತ ಮನವಿ) ಕೊಡಿ. ವಾದ ಮುಗಿದ ದಿನಾಂಕ, ಆಮೇಲಿನ ವಾಯಿದೆಗಳು, ಬಾಕಿ ಉಳಿದ ಅರ್ಜಿಯ ಸಂಖ್ಯೆ, ಇಷ್ಟೇ ಸಾಕು. ದಿನಾಂಕಗಳು ಇ–ಕೋರ್ಟ್ಸ್ ಆ್ಯಪ್‌ನಲ್ಲಿ ಸಿಗುತ್ತವೆ. ‘ವಿಳಂಬ ಮಾಡಿದ್ದೀರಿ’ ಎಂದು ಬರೆಯಬೇಡಿ. ದಿನಾಂಕಗಳೇ ಅದನ್ನು ಹೇಳುತ್ತವೆ. ವಕೀಲರು ಹಿಂಜರಿದರೆ ನೀವೇ ನಿಂತು ಕೇಳಬಹುದು; ಕೌಟುಂಬಿಕ ನ್ಯಾಯಾಲಯದ ಕಾಯ್ದೆಯೇ ಕಕ್ಷಿದಾರರು ಖುದ್ದಾಗಿ ಮಾತನಾಡಲೆಂದು ರೂಪಿಸಿದ್ದು. ನ್ಯಾಯಾಧೀಶರಿಗೆ ಕೋಪ ಬಂದರೆ ಬರಲಿ. ಅವರ ಮೇಜಿನ ಮೇಲಿನ ಕಡತಗಳ ರಾಶಿಯೂ ಸುಳ್ಳಲ್ಲ, ಆದರೆ ಮಗಳ ಶಾಲೆಯವರು ಆ ರಾಶಿಯನ್ನು ನೋಡಿ ಶುಲ್ಕ ಬಿಡುವುದಿಲ್ಲ.

ತಡಮಾಡಬೇಡಿ ಎನ್ನಲು ಇನ್ನೊಂದು ಕಾರಣ ನ್ಯಾಯಾಧೀಶರ ವರ್ಗಾವಣೆ. ಬರೆದಿಟ್ಟ ತೀರ್ಪನ್ನು ನಂತರ ಬಂದವರು ಓದಿ ಹೇಳಬಹುದು. ಬರೆಯದೇ ಹೋಗಿದ್ದರೆ ಮತ್ತೆ ಮೊದಲಿನಿಂದ ವಾದ.

ಮೆಮೊಗೂ ಜಗ್ಗದಿದ್ದರೆ, ಕಾಲಮಿತಿಯಲ್ಲಿ ಇತ್ಯರ್ಥಪಡಿಸಲು ನಿರ್ದೇಶನ ಕೋರಿ ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟ್‌ಗೆ ಹೋಗಬಹುದು. ನಿಮ್ಮ ಜಿಲ್ಲೆಗೆ ಧಾರವಾಡ ಪೀಠವಿದೆ, ಬೆಂಗಳೂರಿಗೆ ಓಡಬೇಕಿಲ್ಲ. ಬರೆದ ಮೆಮೊದ ನಕಲನ್ನು ಮಾತ್ರ ಜೋಪಾನವಾಗಿಡಿ. ಅಲ್ಲಿ ಮೊದಲು ಕೇಳುವುದು ಅದನ್ನೇ.