ಜರ್ಸಿ ಕಾರಿನ ಡಿಕ್ಕಿಗೆ ಬಿದ್ದ ಕಡೆಯಿಂದ ಶುರು ಮಾಡಿ

ನಮಸ್ಕಾರ,

ಡಲ್ಲಾಸ್‌ನಿಂದ ನೀವು ಕಳಿಸಿದ ‘ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪರಿಹಾರ ವ್ಯವಸ್ಥೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕುವುದು ಕಷ್ಟ. ಆದರೆ ವಿಷಯ ಬಿಡಬೇಡಿ. ಕರಾರು ಮುಗಿದ ಆಟಗಾರ ತಂಡ ಬಿಟ್ಟು ಹೋದರೆ, ಮುಂದಿನ ವರ್ಷದ ಡ್ರಾಫ್ಟ್‌ನಲ್ಲಿ (ಕಾಲೇಜು ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವ ಕಾರ್ಯಕ್ರಮ) ಆ ತಂಡ ಒಬ್ಬ ಹುಡುಗನನ್ನು ಹೆಚ್ಚಿಗೆ ಆರಿಸಿಕೊಳ್ಳಬಹುದು ಅನ್ನುವುದು ನಮ್ಮ ಓದುಗರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಮೊದಲು ಭಾಷೆ. ‘ಫ್ರೀ ಏಜೆಂಟ್’ ಅನ್ನು ನೀವು ‘ಉಚಿತ ಪ್ರತಿನಿಧಿ’ ಮಾಡಿದ್ದೀರಿ. ಯಾರೋ ಇನ್ಶೂರೆನ್ಸ್ ಏಜೆಂಟ್ ಕಮಿಷನ್ ಇಲ್ಲದೆ ದುಡಿಯುತ್ತಿದ್ದಾನೆ ಅಂದುಕೊಂಡೆ. ಇನ್ನೊಂದು ಕಡೆ ‘ಡ್ರಾಫ್ಟ್’ ಹೋಗಿ ‘ಕರಡು’ ಆಗಿದೆ. ಎರಡನ್ನೂ ಹಾಗೇ ಬಿಡಿ. ಕರಾರು ಮುಗಿದು ಯಾವ ತಂಡಕ್ಕೆ ಬೇಕಾದರೂ ಹೋಗಬಲ್ಲವನು ಫ್ರೀ ಏಜೆಂಟ್ ಅಂತ ಒಂದು ಸಲ ಹೇಳಿದರೆ ಸಾಕು. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಆಡುವ, ಅಮೆರಿಕದ ಎನ್‌ಎಫ್‌ಎಲ್ ಲೀಗ್‌ನ ಆಟ ಅನ್ನುವುದನ್ನೂ ಮೊದಲೇ ಹೇಳಿಬಿಡಿ. ನಿಮ್ಮಲ್ಲಿ ಅದು ಮೂರನೇ ಪುಟದಲ್ಲಿ ಬರುತ್ತದೆ!

ಇನ್ನು ಒಂದು ದೊಡ್ಡ ತಪ್ಪು, ಪಿಕ್ ಬಗ್ಗೆ (ಡ್ರಾಫ್ಟ್‌ನಲ್ಲಿ ಒಬ್ಬನನ್ನು ಆರಿಸಿಕೊಳ್ಳುವ ಸರದಿ). ‘ಆಟಗಾರನನ್ನು ಸೆಳೆದುಕೊಂಡ ತಂಡ ತನ್ನ ಪಿಕ್ ಅನ್ನು ಹಳೆಯ ತಂಡಕ್ಕೆ ಕೊಡಬೇಕು’ ಎಂದು ಬರೆದಿದ್ದೀರಿ. ಈಗ ಹಾಗಿಲ್ಲ. ಪಿಕ್ ಕೊಡುವುದು ಲೀಗ್. ಡ್ರಾಫ್ಟ್‌ನ ಮೂರರಿಂದ ಏಳನೇ ಸುತ್ತಿನವರೆಗೆ, ಸುತ್ತಿನ ಕೊನೆಗೆ ಸೇರಿಸಿ ಕೊಡುತ್ತದೆ. ಸೆಳೆದುಕೊಂಡವರ ಪಿಕ್ ಎಲ್ಲೂ ಹೋಗುವುದಿಲ್ಲ. ನೀವು ಹೇಳಿದ್ದು 1963ರಲ್ಲಿ ಬಂದ ‘ರೊಝೆಲ್ ರೂಲ್’. ಆಗ ಲೀಗ್‌ನ ಮುಖ್ಯಸ್ಥ (ಕಮಿಷನರ್) ಪೀಟ್ ರೊಝೆಲ್ ಕೂತು, ಇವನಿಗೆ ಬದಲಾಗಿ ಇಷ್ಟು ಕೊಡಿ ಅಂತ ತೀರ್ಮಾನ ಮಾಡುತ್ತಿದ್ದರು. ಎಷ್ಟು ಬೆಲೆ ತೆರಬೇಕಾದೀತೋ ಅಂತ ಹೆದರಿ ತಂಡಗಳು ಬೇರೆಯವರ ಆಟಗಾರನ ತಂಟೆಗೇ ಹೋಗುತ್ತಿರಲಿಲ್ಲ. ಜಾನ್ ಮ್ಯಾಕಿ ಮತ್ತು ಜೊತೆಯ ಆಟಗಾರರು ಈ ರೂಲ್ ವಿರುದ್ಧ ಕೋರ್ಟಿಗೆ ಹೋಗಿ 1976ರಲ್ಲಿ ಗೆದ್ದರು. ಈಗಿನಂಥ ಫ್ರೀ ಏಜೆನ್ಸಿ 1993ರಲ್ಲಿ ಬಂತು, ಪರಿಹಾರದ ಪಿಕ್ ಅದರ ಮರುವರ್ಷ. ಎರಡು ಪರಿಹಾರ, ಎರಡು ಕಾಲ. ಒಂದು ಆಟಗಾರನ ಕಾಲಿಗೆ ಹಗ್ಗ ಕಟ್ಟುತ್ತಿತ್ತು, ಇನ್ನೊಂದು ಕಟ್ಟುವುದಿಲ್ಲ. ಇದೊಂದು ಪ್ಯಾರಾ ಸೇರಿದರೆ ಲೇಖನಕ್ಕೆ ಬೆನ್ನೆಲುಬು ಬರುತ್ತದೆ.

‘ಆರ್‌ಸಿಬಿ ಸಿರಾಜ್‌ನನ್ನು ಕಳೆದುಕೊಂಡಂತೆ’ ಅನ್ನುವ ಸಾಲು ತೆಗೆಯಿರಿ. 2024ರ ಹರಾಜಿನಲ್ಲಿ ಸಿರಾಜ್ 12.25 ಕೋಟಿಗೆ ಗುಜರಾತ್ ಪಾಲಾದಾಗ ನಮಗೆ ಸಿಕ್ಕಿದ್ದು ಹೊಟ್ಟೆಯುರಿ ಮಾತ್ರ. ಐಪಿಎಲ್‌ನಲ್ಲಿ ಡ್ರಾಫ್ಟೂ ಇಲ್ಲ, ಪರಿಹಾರವೂ ಇಲ್ಲ.

ನಿಯಮಗಳನ್ನು ಹನ್ನೊಂದು ಅಂಶ ಮಾಡಿ ಪಟ್ಟಿ ಹಾಕಿದ್ದೀರಿ. ಸರ್ಕಾರಿ ಸುತ್ತೋಲೆ ಓದಿದ ಹಾಗಾಯ್ತು. ಅದರಲ್ಲಿ ಎರಡು ಮೂರು ಸಾಕು. ಹೋದವರೆಷ್ಟು, ಬಂದವರೆಷ್ಟು ಅನ್ನುವ ಲೆಕ್ಕ ಮೊದಲನೆಯದು. ಇಬ್ಬರು ಹೋಗಿ ಅಂಥದೇ ಇಬ್ಬರು ಬಂದರೆ ಸಾಮಾನ್ಯವಾಗಿ ಏನೂ ಸಿಗಲ್ಲ. ಹೋದವನ ಹೊಸ ಸಂಬಳ, ಅಲ್ಲಿ ಅವನು ಎಷ್ಟು ಆಡಿದ, ಪ್ರಶಸ್ತಿ ಬಂತಾ, ಇವೆಲ್ಲ ಸೇರಿ ಸುತ್ತು ನಿರ್ಧಾರ ಆಗುತ್ತದೆ. ಪೂರ್ತಿ ಸೂತ್ರವನ್ನು ಲೀಗ್ ಹೊರಗೆ ಬಿಟ್ಟಿಲ್ಲ. ಒಂದು ತಂಡಕ್ಕೆ ವರ್ಷಕ್ಕೆ ಹೆಚ್ಚೆಂದರೆ ಇಂಥ ನಾಲ್ಕು ಪಿಕ್.

ನನಗೆ ಇಷ್ಟವಾಗಿದ್ದು ನಿಮ್ಮ ಒಂಬತ್ತನೇ ಅಂಶ. ಅದನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ! ಡ್ರಾಫ್ಟ್ ಮುಗಿದ ಮೇಲಿನ ಸೋಮವಾರ ದಾಟಿದರೆ, ಹೊಸಬನನ್ನು ಸೇರಿಸಿಕೊಂಡರೂ ಹೋದವರು-ಬಂದವರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಎಷ್ಟೋ ಆಟಗಾರರು ಏಪ್ರಿಲ್ ಪೂರ್ತಿ ಮನೆಯಲ್ಲಿ ಫೋನ್ ಹಿಡಿದು ಕೂತಿರುತ್ತಾರೆ. ಬೇಕು ಅನ್ನುವ ತಂಡವೂ ಸುಮ್ನೆ ಕಾಯುತ್ತಿರುತ್ತದೆ. ಅವಧಿಗೆ ಮೊದಲೇ ತಂಡವೇ ಕೈಬಿಟ್ಟ ಆಟಗಾರನೂ ಲೆಕ್ಕಕ್ಕಿಲ್ಲ. ಅಂಥವರನ್ನು ಯಾವಾಗ ಬೇಕಾದರೂ ಕರೆತರಬಹುದು. ಬಾಲ್ಟಿಮೋರ್ ರೇವನ್ಸ್ ತಂಡ ಇದರಲ್ಲಿ ಪಳಗಿದ ಕೈ, ಇಂಥ ಪಿಕ್‌ಗಳನ್ನು ಅವರಷ್ಟು ಗಿಟ್ಟಿಸಿದವರು ಬೇರೆ ಇಲ್ಲ. ಇಲ್ಲಿ ಎರಡು ಪ್ಯಾರಾ ಬರೆಯಿರಿ.

ಈ ಆಟದ ದೊಡ್ಡ ತಾರೆ ಟಾಮ್ ಬ್ರೇಡಿಗೆ ಮೂರು ಪ್ಯಾರಾ ಜಾಸ್ತಿ ಆಯ್ತು. 2000ದ ಡ್ರಾಫ್ಟ್‌ನಲ್ಲಿ ಅವನು ಬಂದ 199ನೇ ಪಿಕ್ ಪರಿಹಾರದ್ದೇ, ನಿಜ. ಆ ಕಥೆ ಎಲ್ಲರೂ ಹೇಳಿದ್ದಾರೆ, ಒಂದು ಸಾಲು ಸಾಕು. ನಿಮ್ಮ ಊರಿನ ಕಥೆಯೇ ಇದೆಯಲ್ಲ? 2014ರಲ್ಲಿ ಡಿಮಾರ್ಕೊ ಮರ್ರೇ ಡಲ್ಲಾಸ್ ಪರ ಚೆಂಡು ಹಿಡಿದು 1,845 ಗಜ ಓಡಿದ, ಇಡೀ ಲೀಗ್‌ಗೇ ಜಾಸ್ತಿ. ಮುಂದಿನ ಮಾರ್ಚ್‌ನಲ್ಲಿ ಬದ್ಧವೈರಿ ಫಿಲಡೆಲ್ಫಿಯಾಗೆ ಹೋದ. ಅಲ್ಲಿ ಓಡಿದ್ದು 702 ಗಜ. 2016ರಲ್ಲಿ ಡಲ್ಲಾಸ್‌ಗೆ ನಾಲ್ಕನೇ ಸುತ್ತಿನ ಕೊನೆಯಲ್ಲಿ ಪರಿಹಾರದ ಪಿಕ್ ಬಂತು, 135ನೆಯದು. ಅದರಲ್ಲಿ ತೆಗೆದುಕೊಂಡ ಹುಡುಗ ಡ್ಯಾಕ್ ಪ್ರೆಸ್ಕಾಟ್. ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಟೋನಿ ರೋಮೊ ಬೆನ್ನಿಗೆ ಪೆಟ್ಟಾಗಿ ಕೂತ, ಈ ಹುಡುಗ ಮೈದಾನಕ್ಕಿಳಿದ, ತಂಡ 13 ಪಂದ್ಯ ಗೆದ್ದು ಮೂರರಲ್ಲಿ ಮಾತ್ರ ಸೋತಿತು. ಒಂದು ಎಚ್ಚರ: ‘ಮರ್ರೇ ಬದಲಿಗೆ ಪ್ರೆಸ್ಕಾಟ್’ ಅಂತ ಬರೆಯಬೇಡಿ. ಆ ವರ್ಷ ಡಲ್ಲಾಸ್ ಬಿಟ್ಟವರು ಬೇರೆಯವರೂ ಇದ್ದರು. ಯಾವ ಪಿಕ್ ಯಾರಿಗಾಗಿ ಅಂತ ಲೀಗ್ ಹೇಳುವುದಿಲ್ಲ.

ಕೊನೆಯದಾಗಿ, ನಾಲ್ಕನೇ ಪುಟದ ತಳದಲ್ಲಿ ಒಂದು ಸಾಲು ಹುದುಗಿದೆ: ‘ಮರ್ರೇ ಹೋದ ದಿನ ನನ್ನ ಸಹೋದ್ಯೋಗಿ ಅವನ 29ನೇ ನಂಬರಿನ ಜರ್ಸಿಯನ್ನು ಗೋಡೆಯಿಂದ ತೆಗೆದು ಕಾರಿನ ಡಿಕ್ಕಿಗೆ ಎಸೆದ.’ ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡಿದ್ದು ಇದೊಂದೇ. ಅಲ್ಲಿಂದಲೇ ಶುರು ಮಾಡಿ, ಸಾವಿರ ಪದದೊಳಗೆ ಮತ್ತೆ ಬರೆದು ಕಳಿಸಿ. ಆ ಸಹೋದ್ಯೋಗಿ ಆಮೇಲೆ ಪ್ರೆಸ್ಕಾಟ್‌ನ 4ನೇ ನಂಬರಿನ ಜರ್ಸಿ ಕೊಂಡನಾ ಅಂತ ಕೇಳಿ. 29 ಇನ್ನೂ ಡಿಕ್ಕಿಯಲ್ಲೇ ಇದೆಯಾ ಅಂತಲೂ.